ಉಷ್ಣವಲಯದ ಗಾಂಜಾ ತಳಿ, ‘ಸಟೈವಾ’ ಎಂಬ ಹೆಸರು ಮತ್ತು ನಮ್ಮ ಹದಿನಾರು ಡಿಗ್ರಿ ಅಕ್ಷಾಂಶ

ತೊಗರಿಹೊಲ, ಇಂಡಿ ತಾಲ್ಲೂಕು

ಹಿರಿಯರಿಗೆಲ್ಲ ನಮಸ್ಕಾರ. ಒಂದೇ ಗಿಡದ ಬಗ್ಗೆ ಎರಡು ಕಡೆಯಿಂದ ಎರಡು ಮಾತು ನನ್ನ ಮನೆಗೆ ಬಂದಿವೆ. ಎರಡಕ್ಕೂ ಉತ್ತರ ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ನನ್ನ ಅಕ್ಕನ ಮಗನದು. ದೊಡ್ಡ ಊರಿನಲ್ಲಿ ಓದುತ್ತಿರುವ ಹುಡುಗ. ದೀಪಾವಳಿಗೆ ಬಂದಾಗ ಅವನು ಗಾಂಜಾ ಸೇದುತ್ತಾನೆಂಬುದು ಮನೆಯವರಿಗೆ ಗೊತ್ತಾಯಿತು. ನಾನು ಗದರಿಸದೆ ಕೂರಿಸಿಕೊಂಡು ಕೇಳಿದಾಗ ಅವನು ಹೇಳಿದ್ದು ಹೀಗೆ: “ಮಾಮಾ, ನಾನು ಸೇದುವುದು ಸಟೈವಾ ಮಾತ್ರ. ಅದು ಕೇರಳ, ಆಂಧ್ರದ ಕಡೆಯ ಉದ್ದ ಎಲೆಯ ತಳಿ. ಅದರಿಂದ ತಲೆ ಚುರುಕಾಗುತ್ತದೆ, ಓದಿನಲ್ಲಿ ಮನಸ್ಸು ನಿಲ್ಲುತ್ತದೆ. ಮಂಕು ಹಿಡಿಸಿ ಮಲಗಿಸುವುದು ಇಂಡಿಕಾ. ನಮ್ಮದರಿಂದ ಕೆಡುಕಿಲ್ಲ.” ಅವನು ಸುಳ್ಳು ಹೇಳುತ್ತಿರಲಿಲ್ಲ, ಹೇಳಿದ್ದನ್ನೆಲ್ಲ ಮನಸಾರೆ ನಂಬಿದ್ದ. ಕಳೆದ ಎರಡು ತಿಂಗಳಿಂದ ಅವನಿಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ, ಕೋಣೆಯ ಗೆಳೆಯರು ತನ್ನನ್ನೇ ಕುರಿತು ಮಾತಾಡಿಕೊಳ್ಳುತ್ತಾರೆಂಬ ಶಂಕೆಯೂ ಹತ್ತಿದೆ. ಅಕ್ಕ ರಾತ್ರಿ ಫೋನ್ ಮಾಡಿ ಅಳುತ್ತಾಳೆ.

ಎರಡನೆಯದು ಒಬ್ಬ ಏಜೆಂಟರದು. ಯುರೋಪಿನ ಹೆಂಪ್, ಅಂದರೆ ನಾರಿಗಾಗಿ ಬೆಳೆಯುವ ಗಾಂಜಾ ಜಾತಿಯ ಗಿಡದ ಬೀಜ ತರಿಸಿ ಕೊಡುತ್ತೇವೆ, ಅದರಲ್ಲಿ ಅಮಲಿಲ್ಲ, ನಾರನ್ನೂ ಬೀಜವನ್ನೂ ನಾವೇ ಕೊಳ್ಳುತ್ತೇವೆ, ನಾಲ್ಕು ಎಕರೆ ಎರೆಹೊಲ ಬಿಡಿ ಎಂದು ಮೂರು ಸಲ ಬಂದು ಹೋಗಿದ್ದಾರೆ. ಲೈಸೆನ್ಸಿನ ಮಾತೆತ್ತಿದರೆ “ಅದೆಲ್ಲ ಆಗುತ್ತದೆ” ಎನ್ನುತ್ತಾರೆ.

ಉಷ್ಣವಲಯದ ತಳಿಯೆಂಬುದು ನಿಜಕ್ಕೂ ಬೇರೆಯೇ? ಅದರ ಪರಿಣಾಮ ಬೇರೆಯೇ? ಯುರೋಪಿನ ಬೀಜ ನಮ್ಮ ನೆಲದಲ್ಲಿ ಬೆಳೆಯುತ್ತದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಿಂಗಾರಿ, ವಿಜಯಪುರ

ಮೂವತ್ತು ವರ್ಷ ಬೇಸಾಯಶಾಸ್ತ್ರ ಕಲಿಸಿದವನು ನಾನು. ಗಿಡದ ಮಟ್ಟಿಗೆ ಉತ್ತರಿಸುತ್ತೇನೆ. ಶರೀರದ ಮೇಲಿನ ಪರಿಣಾಮವನ್ನು ವೈದ್ಯರು ಹೇಳಲಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ‘ಕ್ಯಾನಾಬಿಸ್ ಸಟೈವಾ’ ಎಂದು ಹೆಸರಿಟ್ಟದ್ದು ಯುರೋಪಿನಲ್ಲಿ ಹಗ್ಗ ಮತ್ತು ಹಾಯಿಬಟ್ಟೆಗಾಗಿ ಬೆಳೆಯುತ್ತಿದ್ದ ನಾರಿನ ಗಿಡಕ್ಕೆ. 1785ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ ಭಾರತದಿಂದ ಹೋದ ಮಾದರಿಗಳನ್ನು ನೋಡಿ, ಇದರ ಎಲೆ, ಕಾಂಡ, ವಾಸನೆ ಎಲ್ಲವೂ ಬೇರೆ, ತಲೆಗೇರುವ ಗುಣ ಇದಕ್ಕೇ ಇದೆ ಎಂದು ‘ಇಂಡಿಕಾ’ ಎಂಬ ಪ್ರತ್ಯೇಕ ಹೆಸರು ಕೊಟ್ಟ. ಅಂದರೆ ನಮ್ಮ ದೇಶದ ಸಪೂರ ಎಲೆಯ ಗಾಂಜಾ ಗಿಡವೇ ಮೂಲದಲ್ಲಿ ಇಂಡಿಕಾ. 1970ರ ದಶಕದಲ್ಲಿ ಅಮೆರಿಕದ ಸಸ್ಯವಿಜ್ಞಾನಿ ರಿಚರ್ಡ್ ಎವಾನ್ಸ್ ಶುಲ್ಟಸ್ ಅಫ್ಘಾನಿಸ್ತಾನದ ಕುಳ್ಳಾದ, ಅಗಲ ಎಲೆಯ ಗಿಡಗಳನ್ನು ಇಂಡಿಕಾ ಎಂದು ಗುರುತಿಸಿದ ಮೇಲೆ, ಪೇಟೆಯ ಬಾಯಿಯಲ್ಲಿ ಅಗಲ ಎಲೆಯದು ಇಂಡಿಕಾ, ಸಪೂರ ಎಲೆಯದು ಸಟೈವಾ ಎಂದು ತಿರುವುಮುರುವಾಗಿ ಉಳಿಯಿತು. ಆದ್ದರಿಂದ ಹುಡುಗನು ಸಟೈವಾ ಎನ್ನುತ್ತಿರುವುದು ಲಾಮಾರ್ಕ್‌ನ ಪ್ರಕಾರ ಇಂಡಿಕಾ. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಸಸ್ಯವಿಜ್ಞಾನಿಗಳು ಇವೆಲ್ಲವೂ ಒಂದೇ ಜಾತಿ ಎಂದು ವಾದಿಸಿ, ಅಮಲಿನ ಅಂಶವಾದ ಟಿಎಚ್‌ಸಿಯ ಪ್ರಮಾಣ ಶೇ 0.3ರ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಒಳವಿಭಾಗದ ಗೆರೆಯಾಗಿ ಬಳಸಿದರು. ಇಂದು ಹಲವು ದೇಶಗಳ ಕಾನೂನಿನಲ್ಲಿರುವ ಶೇ 0.3 ಎಂಬ ಅಂಕಿ ಹುಟ್ಟಿದ್ದು ಅಲ್ಲಿಂದ.

ಇನ್ನು ಉಷ್ಣವಲಯದ ತಳಿ ಬೇರೆಯೇ ಎಂಬ ಪ್ರಶ್ನೆ. ಬೇರೆ, ಖಂಡಿತ ಬೇರೆ. ಅದನ್ನು ಬೇರೆ ಮಾಡಿದ್ದು ಹಗಲಿನ ಉದ್ದ. ನಿಮಗೆ ಇದನ್ನು ತೊಗರಿಯಿಂದಲೇ ಹೇಳಬಹುದು. ಜೂನ್‌ನಲ್ಲಿ ಬಿತ್ತಿದ ತೊಗರಿ ಆಳೆತ್ತರಕ್ಕೆ ಬೆಳೆದು ನಿಧಾನವಾಗಿ ಹೂವಿಗೆ ಬರುತ್ತದೆ. ಅದೇ ಬೀಜವನ್ನು ಹಿಂಗಾರಿಗೆ ಬಿತ್ತಿದರೆ ಗಿಡ ಕುಳ್ಳಾಗಿರುವಾಗಲೇ ಹೂ ಬಿಡುತ್ತದೆ. ಹಗಲು ಕಿರಿದಾಗಿದೆ ಎಂಬುದನ್ನು ಗಿಡ ಎಲೆಯಿಂದಲೇ ಅಳೆಯುತ್ತದೆ. ಗಾಂಜಾ ಗಿಡವೂ ಇಂಥ ಕಿರುಹಗಲಿನ ಗಿಡ. ಅಷ್ಟೇ ಅಲ್ಲ, ಹಗಲಿನ ಉದ್ದಕ್ಕೂ ಹೂವಿಗೂ ಸಂಬಂಧವಿದೆ ಎಂದು ಜಗತ್ತಿನಲ್ಲಿ ಮೊದಲು ತೋರಿಸಿಕೊಟ್ಟ ಗಿಡಗಳಲ್ಲಿ ಅದೂ ಒಂದು. ಫ್ರಾನ್ಸಿನ ಜೂಲಿಯನ್ ತೂರ್ನ್ವಾ ಎಂಬ ತರುಣ ವಿಜ್ಞಾನಿ 1912ರ ಹೊತ್ತಿಗೆ ಹೆಂಪ್ ಮತ್ತು ಹಾಪ್ ಗಿಡಗಳ ಮೇಲೆ ಪ್ರಯೋಗ ಮಾಡಿ, ಅವಧಿಗೆ ಮುನ್ನ ಹೂ ಬರುವುದಕ್ಕೆ ಬೆಳಕಿನ ಗಂಟೆಗಳು ಕಡಿಮೆಯಾದದ್ದೇ ಕಾರಣ ಎಂದು ಕಂಡುಕೊಂಡ. 1914ರಲ್ಲಿ ಯುದ್ಧಭೂಮಿಯಲ್ಲಿ ಅವನು ತೀರಿಕೊಂಡದ್ದರಿಂದ ಆ ಕೆಲಸ ಅಲ್ಲಿಗೇ ನಿಂತಿತು.

ವಿಜಯಪುರ ಇರುವುದು ಉತ್ತರಕ್ಕೆ ಸುಮಾರು 16.8 ಡಿಗ್ರಿಯಲ್ಲಿ. ನಮ್ಮಲ್ಲಿ ಜೂನ್‌ನ ಅತಿ ದೀರ್ಘ ಹಗಲು ಹದಿಮೂರು ಗಂಟೆಗೆ ಕೆಲವು ನಿಮಿಷ ಹೆಚ್ಚು, ಡಿಸೆಂಬರಿನ ಅತಿ ಕಿರಿದಾದದ್ದು ಹನ್ನೊಂದು ಗಂಟೆಗೆ ಕೆಲವು ನಿಮಿಷ ಹೆಚ್ಚು. ಹತ್ತು ಡಿಗ್ರಿಯ ಆಸುಪಾಸಿನ ಕೇರಳದ ಇಡುಕ್ಕಿಯಲ್ಲಿ ಇಡೀ ವರ್ಷದ ಏರಿಳಿತ ಒಂದು ಗಂಟೆಗೆ ಸ್ವಲ್ಪ ಮೇಲೆ, ಅಷ್ಟೇ. ಉತ್ತರ ಫ್ರಾನ್ಸಿನಲ್ಲಾದರೆ ಜೂನ್‌ನ ಹಗಲು ಹದಿನಾರು ಗಂಟೆ ಮುಟ್ಟುತ್ತದೆ. ಚಳಿಯಾಗಲಿ ಹಿಮವಾಗಲಿ ಅಟ್ಟಿಸಿಕೊಂಡು ಬಾರದ ನೆಲದಲ್ಲಿ, ಹಗಲಿನ ಉದ್ದ ಹೆಚ್ಚು ಬದಲಾಗದ ಕಡೆ ನೂರಾರು ವರ್ಷ ಬಾಳಿದ ಗಿಡಕ್ಕೆ ಅವಸರವಿಲ್ಲ. ಅದು ಎರಡಾಳೆತ್ತರ ಬೆಳೆಯುತ್ತದೆ, ಹೂ ಬಿಡಲು ಶುರು ಮಾಡಿದ ಮೇಲೂ ಮೂರು ನಾಲ್ಕು ತಿಂಗಳು ಬಿಡುತ್ತಲೇ ಹೋಗುತ್ತದೆ. ಎಲೆಯ ಸಪೂರತನ ಮತ್ತು ತೆನೆಯ ಸಡಿಲುತನ ಎರಡೂ ತೇವದ ಗಾಳಿಗೆ ಒಗ್ಗಿಕೊಂಡದ್ದರ ಗುರುತು, ಏಕೆಂದರೆ ಒತ್ತಾದ ತೆನೆ ಮಲೆನಾಡಿನ ಮಳೆಯಲ್ಲಿ ಬೂಸ್ಟು ಹಿಡಿದು ಕೊಳೆಯುತ್ತದೆ. ಅಫ್ಘಾನಿಸ್ತಾನದ ಹಿಂದೂಕುಷ್‌ನ ಒಣ ಬೆಟ್ಟದ ಗಿಡಕ್ಕೆ ಆ ಭಯವಿಲ್ಲ, ಹಿಮ ಬೀಳುವ ಮೊದಲು ಮುಗಿಸಿಕೊಳ್ಳಬೇಕೆಂಬ ಭಯ ಮಾತ್ರ ಇದೆ. ಆದ್ದರಿಂದ ಅದು ಕುಳ್ಳು, ಅಗಲ ಎಲೆ, ಒತ್ತು ತೆನೆ, ಬೇಗ ಮಾಗುವ ತಳಿ.

ಇಡುಕ್ಕಿಯ ತಳಿ, ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಲ್ಲಿ ‘ಶೀಲಾವತಿ’ ಎಂದು ಕರೆಯುವ ತಳಿ, ಥಾಯ್ಲೆಂಡಿನದು, ಕೊಲಂಬಿಯಾದ ಸಾಂತಾ ಮಾರ್ತಾ ಬೆಟ್ಟಗಳದು, ಮಲಾವಿಯದು, ಎಲ್ಲವೂ ಹೀಗೆ ಅಕ್ಷಾಂಶದ ಮಕ್ಕಳು. ಜಮೈಕಾಕ್ಕೆ 1845ರಿಂದ ಕೂಲಿಗಳಾಗಿ ಹೋದ ಭಾರತೀಯರ ಜೊತೆಯಲ್ಲೇ ಅಲ್ಲಿಗೆ ‘ಗಾಂಜಾ’ ಎಂಬ ಶಬ್ದ ಹೋಯಿತು. ಇಂದಿಗೂ ಆ ದ್ವೀಪದಲ್ಲಿ ಅದಕ್ಕೆ ಅದೇ ಹೆಸರು, 1913ರಲ್ಲಿ ಅಲ್ಲಿನ ಸರ್ಕಾರ ತಂದ ನಿಷೇಧದ ಕಾಯ್ದೆಗೂ ಅದೇ ಹೆಸರು.

ಏಜೆಂಟರ ಬೀಜದ ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಉತ್ತರ ಇಲ್ಲಿಯೇ ಅರ್ಧ ಬಂದಿದೆ.

ತಂಬಾಕು ಹೊಲ, ನಿಪ್ಪಾಣಿ

ಗುರುಗಳೇ, ತೂರ್ನ್ವಾನ ಕೆಲಸ ನಿಂತ ಮೇಲೆ ಅದನ್ನು ಪೂರ್ತಿ ಮಾಡಿದ್ದು ನಮ್ಮ ಬೆಳೆ ಎಂಬುದನ್ನು ಸೇರಿಸಲೇಬೇಕು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಅವರು ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕು ತಳಿ ಬೇಸಿಗೆಯಲ್ಲಿ ಹೂ ಬಿಡದೆ ಎತ್ತರಕ್ಕೆ ಹೋಗುತ್ತಲೇ ಇದ್ದು, ಚಳಿಗಾಲದ ಗಾಜಿನ ಮನೆಯಲ್ಲಿ ಮಾತ್ರ ಹೂ ಬಿಡುವುದನ್ನು ಕಂಡು, ಹಗಲಿನ ಉದ್ದದ ನಿಯಮವನ್ನು ಶಾಸ್ತ್ರವಾಗಿ ನಿಲ್ಲಿಸಿದರು. ಸೇವಂತಿಗೆ ಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಹೂವನ್ನು ಹಬ್ಬದವರೆಗೆ ತಡೆದಿಡುವುದೂ ಇದೇ ಲೆಕ್ಕ.

ಘಟಪ್ರಭೆ, ಬಾಗಲಕೋಟೆ

ನಾನು ಮನೋವೈದ್ಯೆ. ತೊಗರಿಹೊಲದ ಅಣ್ಣನವರೇ, ನಿಮ್ಮ ಅಳಿಯನ ನಿದ್ದೆ ಮತ್ತು ಶಂಕೆಯ ವಿಷಯವನ್ನು ಓದಿದ ಕೂಡಲೇ ಬರೆಯಲು ಕುಳಿತಿದ್ದೇನೆ. ತಳಿಯ ಚರ್ಚೆ ಮುಂದುವರಿಯಲಿ, ಆದರೆ ಆ ಎರಡು ಲಕ್ಷಣಗಳಿಗಾಗಿ ಅವನನ್ನು ಈ ವಾರವೇ ಮನೋವೈದ್ಯರಿಗೆ ತೋರಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಒಂದೇ ದಿನದ ದಾರಿ. ಹೊರಡುವ ಮುನ್ನ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಈಗ ‘ಸಟೈವಾ ಚುರುಕು, ಇಂಡಿಕಾ ಮಂಕು’ ಎಂಬ ಮಾತು. ಇದರಲ್ಲಿ ಒಂದು ಹಳೆಯ ಸತ್ಯದ ಕಾಳಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಗಿಡದ ಮುಖ್ಯ ಅಮಲು ಟಿಎಚ್‌ಸಿ. ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ರಚನೆಯನ್ನು ತಿಳಿಸಿದವರು ಇಸ್ರೇಲಿನ ರಾಫೇಲ್ ಮೆಶೌಲಂ ಮತ್ತು ಯೆಹಿಯೆಲ್ ಗಾವೋನಿ, 1964ರಲ್ಲಿ. ಇನ್ನೊಂದು ಮುಖ್ಯ ಅಂಶ ಸಿಬಿಡಿ. ಅದಕ್ಕೆ ಅಮಲಿಲ್ಲ. ಉಷ್ಣವಲಯದ ಹಳೆಯ ತಳಿಗಳಲ್ಲಿ ಬಹುತೇಕ ಟಿಎಚ್‌ಸಿ ಮಾತ್ರ ಇರುತ್ತಿತ್ತು, ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಚರಸ್ಸಿಗಾಗಿ ಬೆಳೆಸಿದ ಅಫ್ಘಾನಿಸ್ತಾನದ ಕಡೆಯ ತಳಿಗಳಲ್ಲಿ ಎರಡೂ ಬೆರೆತು ಇರುತ್ತಿದ್ದವು. ದಕ್ಷಿಣ ಆಫ್ರಿಕಾದ ಕಡೆಯ ಗಿಡಗಳಲ್ಲಿ ಟಿಎಚ್‌ಸಿವಿ ಎಂಬ ಮೂರನೆಯದೊಂದು ಗಮನಾರ್ಹವಾಗಿ ಸಿಗುತ್ತದೆ. ಹೀಗಾಗಿ ಐವತ್ತು ವರ್ಷದ ಹಿಂದೆ ಥಾಯ್ಲೆಂಡಿನದನ್ನೂ ಅಫ್ಘಾನಿಸ್ತಾನದ್ದನ್ನೂ ಸೇದಿ ಹೋಲಿಸಿದವರಿಗೆ ವ್ಯತ್ಯಾಸ ಕಂಡಿದ್ದರೆ ಅದು ಕಲ್ಪನೆಯಲ್ಲ.

ಆದರೆ ಆ ಐವತ್ತು ವರ್ಷಗಳಲ್ಲಿ ಎಲ್ಲ ತಳಿಗಳೂ ಒಂದರೊಳಗೊಂದು ಬೆರೆತುಹೋಗಿವೆ. ಅಮೆರಿಕದ ಕಾನೂನುಬದ್ಧ ಅಂಗಡಿಗಳ ಸುಮಾರು 90,000 ಮಾದರಿಗಳ ರಾಸಾಯನಿಕ ಪರೀಕ್ಷೆಯನ್ನು ಒಟ್ಟುಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಟಿಯ ಮೇಲಿನ ಸಟೈವಾ ಅಥವಾ ಇಂಡಿಕಾ ಎಂಬ ಹೆಸರು ಒಳಗಿರುವ ವಸ್ತುವನ್ನು ಸರಿಯಾಗಿ ಸೂಚಿಸುವುದಿಲ್ಲವೆಂದು ಕಂಡುಬಂತು. 2021ರ ಇನ್ನೊಂದು ಅಧ್ಯಯನದಲ್ಲಿ, ಇಡೀ ಜೀನ್ ಸಮೂಹದಲ್ಲಿ ಈ ಹೆಸರುಗಳಿಗೆ ತಕ್ಕ ವಿಂಗಡಣೆ ಸಿಗದೆ, ಕೆಲವೇ ಸುವಾಸನೆಯ ಅಂಶಗಳಲ್ಲಿ ಮಾತ್ರ ಸಂಬಂಧ ಸಿಕ್ಕಿತು. ಮಣ್ಣಿನ ವಾಸನೆ ಕೊಡುವ ಮಿರ್ಸೀನ್ ಹೆಚ್ಚಿದ್ದಕ್ಕೆ ಬೆಳೆಗಾರರು ಇಂಡಿಕಾ ಎಂದು ಹೆಸರಿಡುತ್ತಾರೆ, ಅಷ್ಟೇ. ಅದು ಪರೀಕ್ಷೆಯಾಗುವ ಅಂಗಡಿಗಳ ಕಥೆ. ನಿಮ್ಮ ಅಳಿಯನಿಗೆ ಪೊಟ್ಟಣ ಕೊಡುವವನ ಬಳಿ ಚೀಟಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಅವನು ಹೇಳಿದ್ದೇ ತಳಿ.

ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅವನು ಸೇದುತ್ತಿರುವುದು ನಿಜವಾಗಿಯೂ ಉಷ್ಣವಲಯದ ಶುದ್ಧ ತಳಿಯೇ ಎಂದು ಇಟ್ಟುಕೊಳ್ಳೋಣ. ಆಗ ಅವನ ವಾದ ತಲೆಕೆಳಗಾಗುತ್ತದೆ. ಸಿಬಿಡಿ ಇಲ್ಲದೆ ಟಿಎಚ್‌ಸಿ ಮಾತ್ರ ಇರುವ ಗಿಡವೇ ಎದೆಬಡಿತ, ಗಾಬರಿ, ಶಂಕೆಗಳಿಗೆ ಹೆಚ್ಚು ದಾರಿ ಮಾಡಬಹುದಾದಂಥದ್ದು. ಅವನು ‘ಚುರುಕು’ ಎಂದು ಕರೆಯುತ್ತಿರುವುದರ ಮುಂದಿನ ಮೆಟ್ಟಿಲೇ ನಿದ್ದೆಗೇಡು. ಟಿಎಚ್‌ಸಿಯ ಗುಣವೇ ಹಾಗೆ: ಸಣ್ಣ ಪ್ರಮಾಣದಲ್ಲಿ ಆತಂಕವನ್ನು ತಗ್ಗಿಸಿದಂತೆ ಕಾಣುತ್ತದೆ, ಪ್ರಮಾಣ ಏರಿದರೆ ಅದೇ ವಸ್ತು ಆತಂಕವನ್ನು ಏರಿಸುತ್ತದೆ. ಎಷ್ಟಕ್ಕೆ ಗೆರೆ ದಾಟುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಇಂಡಿಯ ಲಿಂಬೆಯ ಸಿಪ್ಪೆಯಲ್ಲಿರುವ ಲಿಮೋನೀನ್ ಎಂಬ ಸುವಾಸನೆಯ ಅಂಶ ಟಿಎಚ್‌ಸಿಯ ಗಾಬರಿಯನ್ನು ಸ್ವಲ್ಪ ತಗ್ಗಿಸುತ್ತದೆಂದು ಈಚಿನ ಒಂದು ಸಣ್ಣ ಪ್ರಯೋಗದಲ್ಲಿ ಕಂಡಿದೆ. ಇಂಥ ಸಂಗತಿಗಳು ಆಸಕ್ತಿಕರ, ಆದರೆ ಇವುಗಳ ಮೇಲೆ ಒಬ್ಬ ಹುಡುಗನ ತಲೆಯನ್ನು ಪಣಕ್ಕಿಡಲಾಗದು.

ಯುರೋಪಿನ ಹಲವು ಊರುಗಳನ್ನೂ ಬ್ರೆಜಿಲ್ಲನ್ನೂ ಒಳಗೊಂಡು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಟಿಎಚ್‌ಸಿ ಹೆಚ್ಚಿರುವ ಗಾಂಜಾವನ್ನು ದಿನವೂ ಬಳಸುವವರಲ್ಲಿ ಚಿತ್ತವಿಕಲತೆಯ ಸಂಭವ ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಕಂಡಿತು. ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಖಾನಾಪುರದ ಮಳೆ, ಬೆಳಗಾವಿ

ಡಾಕ್ಟರ್ ಅಕ್ಕನವರ ಮಾತಿಗೆ ಪೂರ್ತಿ ಒಪ್ಪಿಗೆ ಕೊಡಲಾರೆ, ಕ್ಷಮಿಸಬೇಕು. ನಾನು ಆರು ವರ್ಷ ಅಮೆರಿಕದ ಕೊಲರಾಡೊದಲ್ಲಿ ಕೆಲಸ ಮಾಡಿದೆ. ಅಲ್ಲಿ 2014ರ ಜನವರಿಯಿಂದ ವಯಸ್ಕರಿಗೆ ಅಂಗಡಿಯಲ್ಲೇ ಮಾರುತ್ತಾರೆ. ನಾನು ಬಳಸಿದ್ದೇನೆ, ಮುಚ್ಚಿಡುವುದಿಲ್ಲ. ಊರಿಗೆ ಮರಳಿದ ಮೇಲೆ ಬಿಟ್ಟಿದ್ದೇನೆ.

ಅಲ್ಲಿ ನಾನೊಂದು ನೋಟುಬುಕ್ಕು ಇಟ್ಟಿದ್ದೆ. ಯಾವುದು, ಎಷ್ಟು, ಯಾವ ಹೊತ್ತಿಗೆ, ಏನಾಯಿತು ಎಂದು ಬರೆಯುತ್ತಿದ್ದೆ. ದಕ್ಷಿಣ ಆಫ್ರಿಕಾದ ಡರ್ಬನ್ ಊರಿನ ಹೆಸರಿನ ತಳಿ ನನ್ನನ್ನು ರಾತ್ರಿ ಎರಡರವರೆಗೆ ಎಚ್ಚರವಾಗಿ ಇಟ್ಟಿದೆ, ಎದೆ ಡವಡವ ಎಂದಿದೆ. ಅಫ್ಘಾನಿಸ್ತಾನದ ಹೆಸರಿನದು ಊಟದ ತಟ್ಟೆಯ ಮುಂದೆಯೇ ತೂಕಡಿಸುವಂತೆ ಮಾಡಿದೆ. ಇದು ಒಂದು ಸಲದ ಅನುಭವವಲ್ಲ. ವ್ಯತ್ಯಾಸವೇ ಇಲ್ಲವೆಂದರೆ ಆ ಪುಟಗಳು ಸುಳ್ಳೆನ್ನಬೇಕಾಗುತ್ತದೆ.

ಆದರೂ ಅದೇ ನೋಟುಬುಕ್ಕಿನ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಂದೇ ಹೆಸರಿನ ತಳಿಯನ್ನು ಎರಡು ಅಂಗಡಿಯಲ್ಲಿ ಕೊಂಡಾಗ ಎರಡು ಬಗೆಯಾಗಿ ಬರೆದಿದ್ದೇನೆ. ಒಂದೇ ಅಂಗಡಿಯ ಅದೇ ಹೆಸರು ಮುಂದಿನ ವರ್ಷ ಬೇರೆಯಾಗಿದೆ. ಒಮ್ಮೆ ತಿನ್ನುವ ರೂಪದಲ್ಲಿ ತೆಗೆದುಕೊಂಡು, ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಮತ್ತೊಂದು ತುಂಡು ತಿಂದೆ. ಮುಂದಿನ ಏಳು ಗಂಟೆ ನಾನು ಸಾಯುತ್ತೇನೆಂದೇ ನಂಬಿದ್ದೆ. ಆ ದಿನದ ಪುಟದಲ್ಲಿ ತಳಿಯ ಹೆಸರನ್ನೇ ಬರೆದಿಲ್ಲ.

ಘಟಪ್ರಭೆ, ಬಾಗಲಕೋಟೆ

ಖಾನಾಪುರದ ಸಹೋದರರೇ, ನಿಮ್ಮ ಪುಟಗಳು ಸುಳ್ಳಲ್ಲ. ನಿಮ್ಮ ಶರೀರಕ್ಕೆ ಆದದ್ದು ಆದದ್ದೇ. ನನ್ನ ತಕರಾರು ಇರುವುದು ಆ ಪರಿಣಾಮವನ್ನು ತಂದದ್ದು ಹೆಸರೇ ಎಂಬಲ್ಲಿ ಮಾತ್ರ. ಡರ್ಬನ್ ಎಂದು ತಿಳಿದು ಸೇದಿದವನು ಎಚ್ಚರವಾಗಿರಲು ಮೊದಲೇ ಸಿದ್ಧನಾಗಿರುತ್ತಾನೆ. ಹೆಸರು ಮುಚ್ಚಿ ಕೊಟ್ಟಿದ್ದರೆ ಎಷ್ಟು ಸಲ ಸರಿಯಾಗಿ ಗುರುತಿಸುತ್ತಿದ್ದಿರಿ ಎಂಬುದೇ ಪರೀಕ್ಷೆ. ಜೊತೆಗೆ ಅಂದಿನ ಹೊಟ್ಟೆ, ಹಿಂದಿನ ರಾತ್ರಿಯ ನಿದ್ದೆ, ಎಷ್ಟು ಆಳವಾಗಿ ಎಳೆದಿರಿ, ಯಾರ ಜೊತೆಗಿದ್ದಿರಿ ಎಂಬುದೆಲ್ಲ ಸೇರುತ್ತದೆ.

ತಿಂದದ್ದರ ಬಗ್ಗೆ ನೀವು ಬರೆದದ್ದನ್ನು ಎಲ್ಲರೂ ಓದಬೇಕು. ಹೊಗೆಯಲ್ಲಿ ಟಿಎಚ್‌ಸಿ ನಿಮಿಷಗಳಲ್ಲಿ ಮೆದುಳು ಮುಟ್ಟಿ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದಾಗ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಕಾಣದಿರಬಹುದು. ಆ ಹೊತ್ತಿನಲ್ಲಿ ಯಕೃತ್ತು ಅದನ್ನು 11-ಹೈಡ್ರಾಕ್ಸಿ ಟಿಎಚ್‌ಸಿ ಎಂಬ ಇನ್ನೂ ಪ್ರಬಲವಾದ ರೂಪಕ್ಕೆ ತಿರುಗಿಸುತ್ತಿರುತ್ತದೆ. ಹೋಳಿಯ ದಿನ ಭಂಗಿ ಕುಡಿದು, ಏರಲಿಲ್ಲವೆಂದು ಇನ್ನೊಂದು ಲೋಟ ಕುಡಿದವರು ರಾತ್ರಿ ತುರ್ತು ಚಿಕಿತ್ಸೆಗೆ ಬರುವುದು ಈ ಕಾರಣಕ್ಕೇ. ಅದೇ ಗಿಡ, ಅದೇ ತಳಿ, ದಾರಿ ಬೇರೆಯಾದುದಕ್ಕೆ ಪರಿಣಾಮವೇ ಬೇರೆ. ತಳಿಗಳ ನಡುವಿನ ಅಂತರಕ್ಕಿಂತ ಈ ಅಂತರ ಎಷ್ಟೋ ದೊಡ್ಡದು.

ನ್ಯಾಯದ ಕಟ್ಟೆ, ಬೆಳಗಾವಿ

ಕಾನೂನಿನ ಮಾತು ಹೇಳುತ್ತೇನೆ, ಏಕೆಂದರೆ ತೊಗರಿಹೊಲದವರ ಎರಡನೆಯ ಪ್ರಶ್ನೆಯಲ್ಲಿ ಹೊಲವೇ ಅಡಕವಾಗಿದೆ.

ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ‘ಗಾಂಜಾ’ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಂದ ಬೇರೆಯಾದ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿಗೆ ಕೆಲವು ರಾಜ್ಯಗಳಲ್ಲಿ ಪರವಾನಗಿ ಇರುವುದು ಈ ಸಂದಿನಿಂದಲೇ. ಆದರೆ ಬೆಳೆಯುವ ವಿಷಯದಲ್ಲಿ ಇಂಥ ಸಂದಿಲ್ಲ. ಎಂಟನೆಯ ಕಲಮು ಗಿಡವನ್ನು ಬೆಳೆಯುವುದನ್ನೇ ನಿಷೇಧಿಸುತ್ತದೆ. ಇಷ್ಟು ಗಿಡದವರೆಗೆ ಪರವಾಗಿಲ್ಲ ಎಂಬ ಲೆಕ್ಕ ಅಲ್ಲಿಲ್ಲ. ಇಪ್ಪತ್ತನೆಯ ಕಲಮಿನಂತೆ ಹತ್ತು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ತೊಗರಿ, ಹತ್ತಿ, ಕಬ್ಬಿನ ಸಾಲುಗಳ ನಡುವೆ ಬೆಳೆದು ಸಿಕ್ಕಿಬಿದ್ದ ಪ್ರಕರಣಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಆಗಿವೆ, ಅವುಗಳಲ್ಲಿ ಹೊಲವನ್ನು ಲಾವಣಿಗೆ ಕೊಟ್ಟು ಊರಲ್ಲಿ ಕುಳಿತ ಮಾಲಕರೂ ಕಚೇರಿಗೆ ಅಲೆದಿದ್ದಾರೆ. ತನ್ನ ನೆಲದಲ್ಲಿ ಅಕ್ರಮವಾಗಿ ಗಿಡ ಬೆಳೆದಿರುವುದು ಗೊತ್ತಿದ್ದೂ ತಿಳಿಸದಿದ್ದರೆ ಭೂಮಾಲಕನಿಗೂ ಶಿಕ್ಷೆ ಎಂದು 46ನೆಯ ಕಲಮು ಹೇಳುತ್ತದೆ.

ನಾರು ಅಥವಾ ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು 14ನೆಯ ಕಲಮಿನಲ್ಲಿದೆ. ಉತ್ತರಾಖಂಡ ಆ ದಾರಿಯಲ್ಲಿ ಟಿಎಚ್‌ಸಿ ಶೇ 0.3 ಮೀರದ ತಳಿಗೆ ಲೈಸೆನ್ಸ್ ಕೊಟ್ಟಿದೆ. ಹೆಂಪ್ ಬೀಜ ಮತ್ತು ಅದರ ಎಣ್ಣೆಯನ್ನು ಆಹಾರವೆಂದು ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರಿನಲ್ಲಿ ನಿಯಮ ಮಾಡಿದೆ. ಏಜೆಂಟರು ಇವುಗಳನ್ನು ತೋರಿಸಿಯೇ ನಿಮ್ಮನ್ನು ಒಪ್ಪಿಸಲು ನೋಡುತ್ತಾರೆ. ಮಾರುವ ಅನುಮತಿ ಬೇರೆ, ನಿಮ್ಮ ಸರ್ವೆ ನಂಬರಿನಲ್ಲಿ ಬೆಳೆಯುವ ಅನುಮತಿ ಬೇರೆ. ನಿಮ್ಮ ಹೆಸರಿನಲ್ಲಿ, ನಿಮ್ಮ ಸರ್ವೆ ನಂಬರು ನಮೂದಿಸಿದ ಸರ್ಕಾರಿ ಆದೇಶ ಕೈಗೆ ಬರುವವರೆಗೆ ಒಂದು ಬೀಜವನ್ನೂ ನೆಲಕ್ಕೆ ಹಾಕಬೇಡಿ.

ಹುಡುಗನ ಬಗ್ಗೆ ಒಂದು ಮಾತು. ಸೇದುವುದೂ 27ನೆಯ ಕಲಮಿನಂತೆ ಅಪರಾಧವೇ. ಆದರೆ ಸಣ್ಣ ಪ್ರಮಾಣದ ಪ್ರಕರಣದಲ್ಲಿ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಅದನ್ನು ಪೂರ್ತಿ ಮಾಡಿದರೆ 64ಎ ಕಲಮು ಅವನಿಗೆ ರಕ್ಷಣೆ ಕೊಡುತ್ತದೆ. ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರು ಬರುತ್ತಾರೆಂಬ ಭಯದಲ್ಲಿ ತಡ ಮಾಡಬೇಡಿ ಎಂದು ನಿಮ್ಮ ಅಕ್ಕನವರಿಗೆ ಹೇಳಿ.

ತೊಗರಿಹೊಲ, ಇಂಡಿ ತಾಲ್ಲೂಕು

ಎಲ್ಲರಿಗೂ ಕೈಮುಗಿಯುತ್ತೇನೆ. ಮೊನ್ನೆ ಸೋಮವಾರ ಅಳಿಯನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ಬಂದೆವು. ಘಟಪ್ರಭೆ ಅಕ್ಕನವರು ಬರೆದದ್ದನ್ನು ಬಸ್ಸಿನಲ್ಲಿ ಅವನಿಗೆ ಓದಲು ಕೊಟ್ಟಿದ್ದೆ. ಟಿಎಚ್‌ಸಿ ಒಂದೇ ಇರುವ ಗಿಡ ಗಾಬರಿಗೆ ಹೆಚ್ಚು ದಾರಿ ಎಂಬಲ್ಲಿ ನಿಂತು ಎರಡು ಸಲ ಓದಿದ. ಏನೂ ಮಾತಾಡಲಿಲ್ಲ. ಒಳಗೆ ವೈದ್ಯರ ಮುಂದೆ ಎಲ್ಲವನ್ನೂ ತಾನೇ ಹೇಳಿದನೆಂದು ಅಕ್ಕ ಹೇಳಿದಳು. ಔಷಧ ಕೊಟ್ಟಿದ್ದಾರೆ, ಈ ಸೆಮಿಸ್ಟರು ಮನೆಯಲ್ಲೇ ಇರಲಿ ಎಂದಿದ್ದಾರೆ.

ಇನ್ನು ಏಜೆಂಟರ ಬೀಜದ ಬಗ್ಗೆ ಗುರುಗಳು ಬರೆಯುತ್ತೇನೆಂದಿದ್ದರು. ಲೈಸೆನ್ಸ್ ಸಿಕ್ಕರೂ ಆ ಬೀಜ ಇಲ್ಲಿ ಬೆಳೆಯುತ್ತದೆಯೇ ಎಂಬ ಕುತೂಹಲ ಉಳಿದಿದೆ.

ಹಿಂಗಾರಿ, ವಿಜಯಪುರ

ಹುಡುಗ ತಾನೇ ಮಾತಾಡಿದ್ದು ಕೇಳಿ ಮನಸ್ಸು ಹಗುರವಾಯಿತು.

ಬೀಜದ ವಿಷಯ. ಫ್ರಾನ್ಸಿನಲ್ಲಿ ಬೆಳೆಸಿದ ನಾರಿನ ತಳಿ ಹದಿನಾರು ಗಂಟೆಯ ಹಗಲಿನಲ್ಲಿ ಮೈ ಬೆಳೆಸಿಕೊಂಡು, ಹಗಲು ಇಳಿಯತೊಡಗಿದಾಗ ಹೂವಿಗೆ ತಿರುಗುವಂತೆ ಆಯ್ದು ಬಂದದ್ದು. ನಮ್ಮಲ್ಲಿ ಅತಿ ದೀರ್ಘವಾದ ಹಗಲೇ ಹದಿಮೂರು ಗಂಟೆ. ಆ ಗಿಡಕ್ಕೆ ನಮ್ಮ ಜೂನ್ ತಿಂಗಳೂ ಶರತ್ಕಾಲದಂತೆ ಕಾಣುತ್ತದೆ. ಮೊಣಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ಬಂದು ಹೂ ಬಿಟ್ಟು ಮುಗಿಸುತ್ತದೆ. ಹಿಂಗಾರಿಗೆ ಬಿತ್ತಿದ ತೊಗರಿಯ ಕಥೆಯೇ ಇದು, ಇನ್ನೂ ತೀವ್ರವಾಗಿ. ನಾರು ಬೇಕಾದವನಿಗೆ ಉದ್ದವಾದ ಕಾಂಡ ಬೇಕು, ಕಾಂಡವೇ ಇಲ್ಲದ ಮೇಲೆ ಒಪ್ಪಂದದ ಕಾಗದ ಇಟ್ಟುಕೊಂಡು ಏನು ಮಾಡುವುದು? ಮುಂಗಾರಿನಲ್ಲಿ ಎರೆಮಣ್ಣು ನೀರು ಹಿಡಿದು ನಿಂತರೆ ಈ ಗಿಡದ ಬೇರು ಅದನ್ನು ತಡೆಯುವುದೂ ಇಲ್ಲ.

ಹದಿನಾರು ಡಿಗ್ರಿಯಲ್ಲಿ ಎತ್ತರ ಬೆಳೆಯುವುದು ಉಷ್ಣವಲಯದ ತಳಿ. ಆದರೆ ಸ್ವಭಾವತಃ ಅದು ಅಮಲಿನ ತಳಿ, ಶೇ 0.3ರ ಗೆರೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಬಿಸಿಲಿಗೆ ಅಮಲು ಏರುತ್ತದೆ, ತಂಪಿನಲ್ಲಿ ಇಳಿಯುತ್ತದೆ ಎಂದು ಹಿಂದಿನವರು ನಂಬಿದ್ದರು. ಅದು ಮುಖ್ಯವಾಗಿ ವಂಶಗುಣ. ಗಿಡ ಟಿಎಚ್‌ಸಿ ಮಾಡಬೇಕೋ ಸಿಬಿಡಿ ಮಾಡಬೇಕೋ ಎಂಬುದನ್ನು ಬಹುಮಟ್ಟಿಗೆ ಒಂದೇ ಜೀನಿನ ನೆಲೆ ತೀರ್ಮಾನಿಸುತ್ತದೆಂದು 2003ರಲ್ಲಿ ತೋರಿಸಿದ್ದಾರೆ. ಅದೇ ಕಾರಣಕ್ಕೆ, ಉಷ್ಣವಲಯದ ಎತ್ತರವನ್ನು ಉಳಿಸಿಕೊಂಡು ಅಮಲನ್ನು ಕಳೆದ ತಳಿ ತೆಗೆಯುವುದು ಅಸಾಧ್ಯವೇನಲ್ಲ. ಚೀನಾದ ಯುನ್ನಾನ್ ಪ್ರಾಂತದವರು ಸುಮಾರು 25 ಡಿಗ್ರಿಯಲ್ಲಿ ‘ಯುನ್ಮಾ’ ಎಂಬ ತಳಿಗಳನ್ನು ಹಾಗೆಯೇ ತೆಗೆದಿದ್ದಾರೆ. ನಮ್ಮ ಅಕ್ಷಾಂಶಕ್ಕೆ ಬೇಕಾದದ್ದನ್ನು ವಿಶ್ವವಿದ್ಯಾಲಯವೊಂದು ಅನುಮತಿ ಪಡೆದು, ಬೇಲಿಯೊಳಗೆ, ವರ್ಷಗಟ್ಟಲೆ ಕುಳಿತು ಮಾಡಬೇಕು. ಗಾಳಿಯಲ್ಲಿ ಪರಾಗ ಹಲವು ಕಿಲೋಮೀಟರು ಹಾರುವ ಗಿಡ ಇದು. ಅಕ್ರಮ ಗಿಡವೊಂದು ಪಕ್ಕದ ಕಬ್ಬಿನಲ್ಲಿ ಅಡಗಿದ್ದರೂ ನಿಮ್ಮ ಬೀಜ ಕೆಡುತ್ತದೆ. ಏಜೆಂಟರ ಬ್ಯಾಗಿನಲ್ಲಿ ಅಂಥ ತಳಿ ಇರಲಾರದು.

ನಾರಿನ ಆಸೆ ನಿಜವಾಗಿದ್ದರೆ ನಿಮ್ಮ ಬದುವಿನಲ್ಲೇ ಒಂದು ಗಿಡವಿದೆ. ಪುಂಡಿಯ ಎಲೆಯನ್ನು ಬಿಡಿಸಿ ನೋಡಿ, ಐದು ಬೆರಳಿನಂತೆ ಸೀಳಿ ಗಾಂಜಾದ ಎಲೆಯನ್ನೇ ಹೋಲುತ್ತದೆ. ಈ ಹೋಲಿಕೆಯಿಂದಲೇ ನಾರಿನ ಪುಂಡಿಗೆ ಲಿನ್ನೇಯಸ್‌ನ ಕಾಲದಿಂದ ‘ಹೈಬಿಸ್ಕಸ್ ಕ್ಯಾನಾಬಿನಸ್’ ಎಂಬ ಹೆಸರು. ಅದೂ ಕಿರುಹಗಲಿನ ಗಿಡ, ಮುಂಗಾರಿಗೆ ಬಿತ್ತಿದರೆ ಆಳೆತ್ತರ ಮೀರುತ್ತದೆ.

ತೊಗರಿಹೊಲ, ಇಂಡಿ ತಾಲ್ಲೂಕು

ನಮ್ಮ ಅಜ್ಜ ಪುಂಡಿ ಕಟ್ಟಿಗೆಯನ್ನು ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಕೊಳೆಹಾಕಿ, ನಾರು ಸುಲಿದು, ದನದ ಕಣ್ಣಿ ಹೊಸೆಯುತ್ತಿದ್ದ. ಆ ವಾಸನೆ ಇನ್ನೂ ನೆನಪಿದೆ. ಈಗ ನಾವು ಪುಂಡಿಯನ್ನು ಪಲ್ಯಕ್ಕೆಂದು ತೊಗರಿಯ ಅಂಚಿಗೆ ನಾಲ್ಕು ಸಾಲು ಹಾಕುತ್ತೇವೆ, ಅಷ್ಟೇ.

ಏಜೆಂಟರಿಗೆ ನಿನ್ನೆ ಫೋನಿನಲ್ಲಿ ಬೇಡವೆಂದು ಹೇಳಿದೆ. ಅಳಿಯ ಪಕ್ಕದಲ್ಲೇ ಕುಳಿತಿದ್ದ. ಫೋನಿಟ್ಟ ಮೇಲೆ “ಮಾಮಾ, ಹದಿಮೂರು ಗಂಟೆ ಎಂದರೆ ಸಾಲುವುದಿಲ್ಲವೇ ಅದಕ್ಕೆ?” ಎಂದು ಕೇಳಿದ. ಗುರುಗಳು ಬರೆದದ್ದನ್ನೆಲ್ಲ ಮೊದಲಿನಿಂದ ಅವನಿಗೆ ಓದಿ ಹೇಳಿದೆ. ಬೆಳಿಗ್ಗೆ ಅವನೇ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಂದಿನ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ನೋಡಿ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕುತ್ತಿದ್ದ.